ಮಕ್ಕಳು ಹೊರಟ ಮೇಲೆ ಮನೆ ಯಾರದು?

ಆಗಸ್ಟ್ ತಿಂಗಳು ಮುಗಿಯುತ್ತ ಬಂದಿದೆ. ಕಾಲೇಜುಗಳ ಪ್ರವೇಶದ ಗಡಿಬಿಡಿ ಬಹುಮಟ್ಟಿಗೆ ಅಡಗಿದೆ. ಮಗಳ ಹಾಸಿಗೆ, ಪುಸ್ತಕ, ಉಪ್ಪಿನಕಾಯಿಯ ಡಬ್ಬಿಗಳನ್ನು ಹಾಸ್ಟೆಲ್ಲಿನ ಕೋಣೆಗೆ ಮುಟ್ಟಿಸಿ ಬಂದ ತಂದೆಯರೂ, ಮಗನನ್ನು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟು ರಾತ್ರಿಯ ಬಸ್ಸಿನಲ್ಲಿ ಮೈಸೂರಿಗೆ ಮರಳಿದ ತಾಯಂದಿರೂ ಈಗ ತಮ್ಮ ತಮ್ಮ ಮನೆಗಳಲ್ಲಿ ಕುಳಿತಿದ್ದಾರೆ. ಮನೆ ಶುಚಿಯಾಗಿದೆ, ಚೆಲ್ಲಾಪಿಲ್ಲಿ ಮಾಡುವವರಿಲ್ಲ. ಒಂದು ಪಾವು ಅಕ್ಕಿ ಬೇಯಿಸಿದರೂ ಅನ್ನ ಮಿಗುತ್ತದೆ. ಭಾನುವಾರದ ಬಲಿಪೂಜೆಯಲ್ಲಿ ಐವರು ಒತ್ತಾಗಿ ಕೂರುತ್ತಿದ್ದ ಬೆಂಚಿನಲ್ಲಿ ಈಗ ಇಬ್ಬರೇ ಕೂರುತ್ತಾರೆ.

ಈ ಮೌನದ ಬಗ್ಗೆ ನಮ್ಮ ಸಮುದಾಯ ಮಾತನಾಡುವುದು ಬಹಳ ಕಡಿಮೆ. ಸಾವಿನ ದುಃಖಕ್ಕೆ ನೆರೆಹೊರೆಯವರು ಬರುತ್ತಾರೆ, ಕಾಯಿಲೆಯ ದುಃಖಕ್ಕೆ ಹಣ್ಣುಹಂಪಲು ಬರುತ್ತದೆ. ಮಕ್ಕಳು ಮುಂದೆ ಬಂದು ಹೊರಟುಹೋದ ದುಃಖಕ್ಕೆ ಮಾತ್ರ ಅಭಿನಂದನೆ ಬರುತ್ತದೆ. ಮಗನಿಗೆ ಜರ್ಮನಿಯಲ್ಲಿ ಕೆಲಸವಾಯಿತಂತೆ, ನೀವು ಪುಣ್ಯವಂತರು ಎನ್ನುತ್ತಾರೆ. ಆ ಮಾತಿಗೆ ನಕ್ಕು ತಲೆಯಾಡಿಸಿದ ತಾಯಿ ಒಳಗೆ ಹೋಗಿ ಅಳಬೇಕಾಗುತ್ತದೆ. ದೇವರು ಕೊಟ್ಟ ಅನುಗ್ರಹದ ಬಗ್ಗೆ ದೂರಿದಂತಾದೀತೆಂಬ ಅಂಜಿಕೆಯಿಂದ ಅವಳು ಅದನ್ನು ಪಾಪನಿವೇದನೆಯಲ್ಲಿ ಹೇಳುತ್ತಾಳೆಯೇ ಹೊರತು ನೆರೆಮನೆಯವಳಿಗೆ ಹೇಳುವುದಿಲ್ಲ. ಇದು ಪಾಪವಲ್ಲ ಎಂದು ಈ ಅಂಕಣದ ಮೂಲಕ ನಾವು ಮೊದಲಿಗೇ ಹೇಳಬಯಸುತ್ತೇವೆ. ಪ್ರೀತಿಸಿದವರಿಗೆ ಅಗಲಿಕೆ ನೋಯುತ್ತದೆ. ಆ ನೋವನ್ನು ಹೊತ್ತುಕೊಂಡು ಮುಂದೆ ಏನು ಮಾಡಬೇಕು ಎಂಬುದೇ ಇಂದಿನ ನಮ್ಮ ಪ್ರಶ್ನೆ.

ಈ ಪ್ರಶ್ನೆ ನಮ್ಮ ದಟ್ಟಗಳ್ಳಿಯಂತಹ ಬಡಾವಣೆಗಳಲ್ಲಿ ವಿಶೇಷವಾಗಿ ಎದ್ದು ಕಾಣುತ್ತದೆ. ಒಂದು ಕಾಲಕ್ಕೆ ಹೊಲಗದ್ದೆಗಳ ಹಳ್ಳಿಯಾಗಿದ್ದ ಊರು ಇದು. ಕುವೆಂಪುನಗರ, ರಾಮಕೃಷ್ಣನಗರಗಳು ತುಂಬಿದಂತೆ ನಗರ ಇತ್ತ ಹರಿದು ಬಂತು. 1903ರಷ್ಟು ಹಿಂದೆಯೇ ನಗರಾಭಿವೃದ್ಧಿಗೆಂದು ಪ್ರತ್ಯೇಕ ಮಂಡಲಿಯನ್ನು ಕಂಡ ಊರು ಮೈಸೂರು. ಅಗಲವಾದ ರಸ್ತೆ, ಉದ್ಯಾನ, ನೀರು, ತಂಪು ಹವೆ ಇವುಗಳಿಂದಾಗಿ ಪಿಂಚಣಿದಾರರ ಸ್ವರ್ಗ ಎಂಬ ಹೆಸರು ಇದಕ್ಕೆ ಬಹುಕಾಲದಿಂದ ಅಂಟಿಕೊಂಡಿದೆ. ಇಲ್ಲಿ ನಿವೇಶನ ಪಡೆದವರಲ್ಲಿ ಬಹಳ ಮಂದಿ ಸಂಬಳದಾರರು: ಶಿಕ್ಷಕರು, ಬ್ಯಾಂಕಿನವರು, ರೈಲ್ವೆಯವರು, ದಾದಿಯರು, ಸರ್ಕಾರಿ ನೌಕರರು. ಭವಿಷ್ಯ ನಿಧಿಯಿಂದ ಸಾಲ ತೆಗೆದು, ಒಡವೆ ಅಡವಿಟ್ಟು ಮೊದಲು ಕೆಳಮನೆ ಕಟ್ಟಿದರು. ಕೆಲವು ವರ್ಷಗಳ ಬಳಿಕ, ಮದುವೆಯಾದ ಮೇಲೆ ಮಗನಿಗೆ ಇರಲಿ ಎಂದು ಹೊರಗಿನಿಂದ ಮೆಟ್ಟಿಲು ಇಳಿಸಿ ಮೇಲಂತಸ್ತನ್ನೂ ಕಟ್ಟಿದರು. ಅದಕ್ಕೆ ಬೇರೆ ಅಡುಗೆಮನೆ, ಬೇರೆ ವಿದ್ಯುತ್ ಮೀಟರು. ಅತ್ತೆ ಸೊಸೆ ಹತ್ತಿರವೂ ಇರಬೇಕು, ಒಂದೇ ಒಲೆಯ ಮುಂದೆ ಜಗಳವೂ ಆಗಬಾರದು ಎಂಬ ದೂರಾಲೋಚನೆ ಅದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಎನ್ನಬೇಡಿ; ಆ ಆಲೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮಗ ಬೆಂಗಳೂರಿಗೆ ಹೋದ, ಅಲ್ಲಿಂದ ಡಬ್ಲಿನ್‌ಗೋ ಡಲ್ಲಾಸ್‌ಗೋ ಹೋದ. ಮೇಲಂತಸ್ತಿಗೆ ಬೀಗ ಬಿತ್ತು, ಇಲ್ಲವೇ ಬಾಡಿಗೆಯ ಫಲಕ ಬಂತು.

ನಮ್ಮ ರಾಷ್ಟ್ರದ 2011ರ ಜನಗಣತಿಯಲ್ಲಿ ಅರವತ್ತು ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇಕಡಾ 8.6. ನಂತರದ ವರ್ಷಗಳಲ್ಲಿ ಈ ಪಾಲು ಏರುತ್ತಲೇ ಬಂದಿದೆ. ಕಾರಣ ಸ್ಪಷ್ಟ. ಮಕ್ಕಳ ಸಂಖ್ಯೆ ಕಡಿಮೆಯಾಯಿತು, ಆಯುಸ್ಸು ಹೆಚ್ಚಾಯಿತು. ಹಿಂದೆ ಆರೇಳು ಮಕ್ಕಳ ಮನೆಯಲ್ಲಿ ಹಿರಿಯವನು ದೂರ ಹೋದರೂ ಕಿರಿಯವಳು ಇನ್ನೂ ಶಾಲೆಯಲ್ಲಿ ಇರುತ್ತಿದ್ದಳು; ಮನೆ ಬರಿದಾಗುವ ಹೊತ್ತಿಗೆ ತಂದೆತಾಯಿಯರಿಗೇ ಮುಪ್ಪು ಕವಿದಿರುತ್ತಿತ್ತು. ಈಗ ಇಬ್ಬರು ಮಕ್ಕಳು ಎರಡು ಮೂರು ವರ್ಷಗಳ ಅಂತರದಲ್ಲಿ ಹೊರಟುಬಿಡುತ್ತಾರೆ. ಆಗ ತಾಯಿಗೆ ಐವತ್ತು, ತಂದೆಗೆ ಐವತ್ತೈದು. ಅವರ ಮುಂದೆ ಇನ್ನೂ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಬದುಕು ಇದೆ. ಮಕ್ಕಳನ್ನು ಬೆಳೆಸಿದ ಕಾಲದಷ್ಟೇ ದೀರ್ಘವಾದ ಮತ್ತೊಂದು ಕಾಲ ಇದು. ನಮ್ಮ ಅಜ್ಜಂದಿರ ಕಾಲದಲ್ಲಿ ಹೆಚ್ಚಿನವರಿಗೆ ಇದು ದೊರೆಯಲಿಲ್ಲ. ಆದ್ದರಿಂದಲೇ ಇದನ್ನು ಹೇಗೆ ಬಾಳಬೇಕೆಂಬ ಪಾಠವನ್ನು ಅವರು ನಮಗೆ ಬಿಟ್ಟುಹೋಗಲಿಲ್ಲ.

ದೂರ ಕಡಿಮೆಯಾದರೆ ಸಮಸ್ಯೆ ತೀರುವುದೆಂದು ಕೆಲವರು ಭಾವಿಸುತ್ತಾರೆ. ಬೆಂಗಳೂರು ಮೈಸೂರುಗಳ ನಡುವೆ 1882ರಲ್ಲಿ ರೈಲು ಓಡಿತು. 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಮೂರು ಗಂಟೆಯ ಹಾದಿ ಅರ್ಧಕ್ಕಿಳಿಯಿತು ಎಂದರು. ಹಾದಿ ಅರ್ಧವಾದರೆ ಮಕ್ಕಳು ಎರಡರಷ್ಟು ಸಲ ಬಂದರೇ? ಎಷ್ಟೋ ಮನೆಗಳಲ್ಲಿ, ಮೊದಲು ಶನಿವಾರ ರಾತ್ರಿ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದ ಮಗ ಈಗ ಭಾನುವಾರ ಬೆಳಿಗ್ಗೆ ಬಂದು ಊಟ ಮುಗಿಸಿ ಸಂಜೆಗೇ ಹೊರಡುತ್ತಾನೆ. ರಸ್ತೆ ಬರುವುದಕ್ಕೆ ಎಷ್ಟು ಅನುಕೂಲವೋ ಹೋಗುವುದಕ್ಕೂ ಅಷ್ಟೇ ಅನುಕೂಲ. ಆದ್ದರಿಂದ ಇದು ಕಿಲೋಮೀಟರುಗಳ ಪ್ರಶ್ನೆಯಲ್ಲ ಎಂಬುದನ್ನು ಒಪ್ಪಿಕೊಂಡು ಮುಂದುವರಿಯೋಣ.

ನಮ್ಮ ದೇವಾಲಯಗಳಲ್ಲಿ ವಿವಾಹ ಸಂಸ್ಕಾರ ನಡೆಯುವಾಗ ಆದಿಕಾಂಡದ ಒಂದು ವಾಚನವನ್ನು ಮತ್ತೆ ಮತ್ತೆ ಕೇಳುತ್ತೇವೆ. ಪುರುಷನು ತಂದೆತಾಯಿಯರನ್ನು ಬಿಟ್ಟು ತನ್ನ ಪತ್ನಿಯೊಂದಿಗೆ ಒಂದಾಗುವನು ಎಂಬುದು ಅದರ ಅರ್ಥ. ರೇಷ್ಮೆ ಸೀರೆ ಉಟ್ಟ ತಾಯಿ, ಕೋಟು ತೊಟ್ಟ ತಂದೆ ಮುಂದಿನ ಬೆಂಚಿನಲ್ಲಿ ಕುಳಿತು ಅದನ್ನು ಆಲಿಸುತ್ತಾರೆ. ಕಡೆಯಲ್ಲಿ ದೇವರಿಗೆ ಕೃತಜ್ಞತೆಯನ್ನೂ ಸಲ್ಲಿಸುತ್ತಾರೆ. ಆ ವಾಚನದಲ್ಲಿ ಬಿಡಲ್ಪಡುವವರು ತಾವೇ ಎಂಬುದು ಆ ಗಳಿಗೆಯಲ್ಲಿ ಹೊಳೆಯುವುದು ಅಪರೂಪ. ಪವಿತ್ರ ಗ್ರಂಥವು ಈ ಬಿಡುವಿಕೆಯನ್ನು ದ್ರೋಹವೆಂದು ಕರೆಯುವುದಿಲ್ಲ. ಸೃಷ್ಟಿಯ ಕ್ರಮವೆಂದೇ ಹೇಳುತ್ತದೆ. ಅದೇ ಗ್ರಂಥವು ನಾಲ್ಕನೆಯ ಆಜ್ಞೆಯಲ್ಲಿ ತಂದೆತಾಯಿಯರನ್ನು ಗೌರವಿಸಬೇಕೆಂದೂ ವಿಧಿಸುತ್ತದೆ. ಬಿಡುವುದೂ ಗೌರವಿಸುವುದೂ ಒಂದಕ್ಕೊಂದು ವಿರುದ್ಧವಲ್ಲ. ಬಿಡದೆ ಅಂಟಿಕೊಂಡ ಮಗನಿಂದ ಹೆಂಡತಿಗೆ ಅನ್ಯಾಯವಾಗುತ್ತದೆ, ಗೌರವಿಸದೆ ಬಿಟ್ಟ ಮಗನಿಂದ ಹೆತ್ತವರಿಗೆ ಅನ್ಯಾಯವಾಗುತ್ತದೆ. ಎರಡನ್ನೂ ಕೂಡಿಸಿ ನಡೆಯುವುದೇ ಧರ್ಮ.

ತತ್ತ್ವಜ್ಞಾನಿ ಅರಿಸ್ಟಾಟಲನು ಸ್ನೇಹವನ್ನು ಕುರಿತು ವಿಚಾರ ಮಾಡುವಾಗ ಹೆತ್ತವರ ಪ್ರೀತಿಯನ್ನೂ ಪ್ರಸ್ತಾಪಿಸುತ್ತಾನೆ. ತಂದೆತಾಯಿಯರು ಮಕ್ಕಳನ್ನು ತಮ್ಮದೇ ಅಂಶವೆಂದು ಪ್ರೀತಿಸುತ್ತಾರೆ ಎಂಬುದು ಅವನ ಗ್ರಹಿಕೆ. ಈ ಪ್ರೀತಿಯ ಬಲವೂ ಅದರ ಅಪಾಯವೂ ಇರುವುದು ಅಲ್ಲಿಯೇ. ಅಂಶವೆಂದ ಮೇಲೆ ಅದು ದೂರವಾದಾಗ ಕೈಯೋ ಕಾಲೋ ಕಿತ್ತುಹೋದಂತೆ ಅನಿಸುತ್ತದೆ. ಸಂತ ಥಾಮಸ್ ಅಕ್ವಿನಾಸರು ಇದೇ ಅರಿಸ್ಟಾಟಲನನ್ನು ಅನುಸರಿಸಿ, ಪ್ರೀತಿಸುವುದೆಂದರೆ ಇನ್ನೊಬ್ಬರಿಗೆ ಒಳಿತನ್ನು ಬಯಸುವುದು ಎಂದು ನಿರೂಪಿಸಿದರು. ಇನ್ನೊಬ್ಬರಿಗೆ ಎಂಬ ಮಾತನ್ನು ಗಮನಿಸಬೇಕು. ಮಗು ನಮ್ಮ ಅಂಶವಾಗಿ ಹುಟ್ಟಿ, ಇನ್ನೊಬ್ಬ ವ್ಯಕ್ತಿಯಾಗಿ ಬೆಳೆಯುತ್ತದೆ. ಹದಿನೆಂಟು ಇಪ್ಪತ್ತು ವರ್ಷ ನಾವು ಪಟ್ಟ ಶ್ರಮವೆಲ್ಲ ಅದು ಇನ್ನೊಬ್ಬ ವ್ಯಕ್ತಿಯಾಗಲೆಂದೇ. ಬಡಗಿಯು ಮಾಡಿದ ಬಾಗಿಲು ಗಿರಾಕಿಯ ಮನೆ ಸೇರಿದಾಗ ಅವನ ಕೆಲಸ ಪೂರ್ತಿಯಾಯಿತು ಎನ್ನುತ್ತೇವೆ. ಮಕ್ಕಳು ತಮ್ಮ ಕಾಲ ಮೇಲೆ ನಿಂತು ಹೊರಟಾಗ ತಂದೆತಾಯಿಯರ ಒಂದು ಕೆಲಸವೂ ಹಾಗೆಯೇ ಪೂರ್ತಿಯಾಗಿದೆ.

ಇದೇ ಆಗಸ್ಟ್ 27ರಂದು ಧರ್ಮಸಭೆ ಸಂತ ಮೋನಿಕಾ ಅವರ ಹಬ್ಬವನ್ನೂ ಮರುದಿನ ಅವರ ಮಗ ಸಂತ ಅಗಸ್ಟೀನರ ಹಬ್ಬವನ್ನೂ ಆಚರಿಸುತ್ತದೆ. ಅವರ ಕತೆಯನ್ನು ಸಾಮಾನ್ಯವಾಗಿ ದಾರಿ ತಪ್ಪಿದ ಮಗನಿಗಾಗಿ ಅತ್ತ ತಾಯಿಯ ಕತೆಯೆಂದು ಹೇಳುತ್ತೇವೆ. ಅದು ಮನೆ ಬಿಟ್ಟು ಹೋದ ಮಗನ ಕತೆಯೂ ಹೌದು. 383ರಲ್ಲಿ ಆಫ್ರಿಕದ ಕಾರ್ಥೇಜ್ ಬಂದರಿನಿಂದ ರೋಮ್‌ಗೆ ಹೊರಟ ಅಗಸ್ಟೀನರು ತಾಯಿಗೆ ಸುಳ್ಳು ಹೇಳಿದರು. ಸ್ನೇಹಿತನೊಬ್ಬನನ್ನು ಬೀಳ್ಕೊಡಲು ಬಂದಿದ್ದೇನೆ, ಗಾಳಿ ಅನುಕೂಲವಾಗುವವರೆಗೆ ಕಾಯುತ್ತೇನೆ ಎಂದು ನಂಬಿಸಿ, ತಾಯಿ ಬಂದರಿನ ಬಳಿಯ ಸಂತ ಸಿಪ್ರಿಯಾನರ ಸ್ಮಾರಕ ಮಂದಿರದಲ್ಲಿ ರಾತ್ರಿ ಕಳೆಯುತ್ತಿದ್ದಾಗ ಹಡಗು ಹತ್ತಿಬಿಟ್ಟರು. ಬೆಳಗಾದಾಗ ಆ ತಾಯಿ ಕಡಲತೀರದಲ್ಲಿ ಹುಚ್ಚಿಯಂತೆ ಗೋಳಾಡಿದರು. ಇದನ್ನು ಮಗನೇ ಮುಂದೆ ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಮಗ ಹತ್ತಿರವೇ ಇರಬೇಕೆಂಬ ಹಂಬಲ ತಾಯಂದಿರೆಲ್ಲರಿಗೂ ಇರುತ್ತದೆ, ತನ್ನ ತಾಯಿಗೆ ಅದು ಇತರರಿಗಿಂತ ಹೆಚ್ಚಾಗಿತ್ತು ಎಂದೂ ಅವರು ಗುರುತಿಸುತ್ತಾರೆ.

ಮೋನಿಕಾ ಕೆಲಕಾಲದ ಬಳಿಕ ಸಮುದ್ರ ದಾಟಿ ಮಿಲಾನಿನಲ್ಲಿ ಮಗನನ್ನು ಸೇರಿದರು. 387ರ ಪಾಸ್ಖ ಹಬ್ಬದಲ್ಲಿ ಸಂತ ಆಂಬ್ರೋಸರಿಂದ ಮಗ ದೀಕ್ಷಾಸ್ನಾನ ಪಡೆದುದನ್ನು ಕಂಡರು. ಊರಿಗೆ ಮರಳುವ ಹಾದಿಯಲ್ಲಿ, ಓಸ್ತಿಯಾ ಬಂದರಿನಲ್ಲಿ, ಜ್ವರ ಬಂದು ಮಲಗಿದರು. ಊರಿನಲ್ಲಿ ಪತಿಯ ಸಮಾಧಿಯ ಪಕ್ಕದಲ್ಲೇ ತನಗೂ ಜಾಗ ಇರಬೇಕೆಂದು ಬಹುಕಾಲದಿಂದ ಏರ್ಪಾಡು ಮಾಡಿಕೊಂಡಿದ್ದವರು ಅವರು. ಈಗ ಮಾತ್ರ, ಈ ದೇಹವನ್ನು ಎಲ್ಲಿಯಾದರೂ ಹೂಳಿರಿ, ಎಲ್ಲಿದ್ದರೂ ದೇವರ ಬಲಿಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂಬ ಅರ್ಥದ ಮಾತನ್ನು ಮಕ್ಕಳಿಗೆ ಹೇಳಿದರು. ಆಗ ಅವರ ವಯಸ್ಸು ಐವತ್ತಾರು. ಬಂದರಿನಲ್ಲಿ ಗೋಳಾಡಿದ ತಾಯಿಗೂ ಓಸ್ತಿಯಾದಲ್ಲಿ ಹೀಗೆ ನುಡಿದ ತಾಯಿಗೂ ನಡುವೆ ನಾಲ್ಕೇ ವರ್ಷಗಳ ಅಂತರ. ಮಗನ ಮೇಲಣ ಪ್ರೀತಿ ಕಡಿಮೆಯಾಗಲಿಲ್ಲ. ಅವನನ್ನು ಹಿಡಿದಿಟ್ಟುಕೊಳ್ಳುವ ಹಟ ಮಾತ್ರ ಬಿಟ್ಟುಹೋಯಿತು. ಇದೊಂದು ದೀರ್ಘ ಅಭ್ಯಾಸದ ಫಲ. ಒಂದೇ ದಿನದಲ್ಲಿ ಇದು ಯಾರಿಗೂ ಬರುವುದಿಲ್ಲ.

ಈ ಅಭ್ಯಾಸದಲ್ಲಿ ನಮ್ಮ ಕುಟುಂಬಗಳು ಮೂರು ಕಡೆ ಎಡವುತ್ತಿರುವುದನ್ನು ನಾವು ಕಾಣುತ್ತಿದ್ದೇವೆ.

ಮೊದಲನೆಯದು ದೂರವಾಣಿ. ಹಿಂದೆ ಹದಿನೈದು ದಿನಕ್ಕೊಂದು ಅಂತರ್ದೇಶೀಯ ಪತ್ರ ಬರುತ್ತಿತ್ತು. ಈಗ ಕೈಯಲ್ಲಿರುವ ಫೋನಿನಲ್ಲೇ ಮಗಳ ಮುಖ ಕಾಣುತ್ತದೆ. ಇದು ದೊಡ್ಡ ಉಪಕಾರ. ಆದರೆ ದಿನಕ್ಕೆ ಮೂರು ಸಲ ಊಟವಾಯಿತೇ ಎಂದು ಕೇಳುವುದು, ಉತ್ತರ ತಡವಾದರೆ ರಕ್ತದೊತ್ತಡ ಏರಿಸಿಕೊಳ್ಳುವುದು, ಸೊಸೆ ಎತ್ತಲಿಲ್ಲವೆಂದು ಎಣಿಕೆ ಇಡುವುದು, ಇವೆಲ್ಲ ಪ್ರೀತಿಯ ಸಂಪರ್ಕವನ್ನು ಹಾಜರಿ ಪುಸ್ತಕವಾಗಿ ಮಾಡಿಬಿಡುತ್ತವೆ. ಹಳೆಯ ಒಡಂಬಡಿಕೆಯಲ್ಲಿ ಹನ್ನ ಎಂಬ ತಾಯಿ ತನ್ನ ಮಗ ಸಮುವೇಲನನ್ನು ಎಳೆಯ ವಯಸ್ಸಿನಲ್ಲೇ ಶಿಲೋ ಎಂಬಲ್ಲಿ ದೇವಾಲಯಕ್ಕೆ ಒಪ್ಪಿಸಿದಳು. ಪ್ರತಿವರ್ಷ ಅವನಿಗಾಗಿ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ಕೊಂಡೊಯ್ಯುತ್ತಿದ್ದಳು. ತಾನು ಕಣ್ಣಾರೆ ಕಾಣದ ಒಂದು ವರ್ಷದಲ್ಲಿ ಮಗ ಎಷ್ಟು ಬೆಳೆದಿರಬಹುದೆಂದು ಊಹಿಸಿ ಅವಳು ಬಟ್ಟೆ ಕತ್ತರಿಸಬೇಕಿತ್ತು. ದೂರದ ಪ್ರೀತಿಗೆ ಇಂತಹ ಒಂದು ನಿಯಮ, ಒಂದು ಅಳತೆ ಇರಬೇಕು. ವಾರದಲ್ಲಿ ಒಂದು ನಿಗದಿತ ದಿನ, ನಿಗದಿತ ಹೊತ್ತು, ಮನಸಾರೆ ಅರ್ಧ ಗಂಟೆ ಮಾತನಾಡಿದರೆ, ಗಳಿಗೆಗೊಂದು ವಿಚಾರಣೆಗಿಂತ ಅದು ಹೆಚ್ಚು ಪೋಷಣೆ ಕೊಡುತ್ತದೆ. ಅಂದ ಹಾಗೆ, ಹದಿನೈದು ಹದಿನಾರು ವರ್ಷದ ಹುಡುಗರನ್ನು ಗುರುಮಠಕ್ಕೂ ಕನ್ಯಾಮಠಕ್ಕೂ ಕಳುಹಿಸಿದ ಹಳ್ಳಿಯ ತಾಯಂದಿರು ನಮ್ಮ ನಡುವೆ ಇನ್ನೂ ಇದ್ದಾರೆ. ಫೋನೂ ಇಲ್ಲದ ಕಾಲದಲ್ಲಿ ಹನ್ನಳಂತೆ ಬಾಳಿದವರು ಅವರು. ಅವರನ್ನು ಕೇಳಿ ಕಲಿಯಬೇಕಾದುದು ಬಹಳವಿದೆ.

ಎರಡನೆಯದು ಇನ್ನೂ ಸೂಕ್ಷ್ಮವಾದ ವಿಷಯ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಮಗಳ ಹೆರಿಗೆಯಾಗುತ್ತದೆ. ತಾಯಿ ಹೋಗುತ್ತಾಳೆ, ಹೋಗಬೇಕಾದುದೇ. ಬಾಣಂತನದ ಮೂರು ತಿಂಗಳು ಆರಾಗುತ್ತದೆ, ಆರು ವರ್ಷವಾಗುತ್ತದೆ. ಮಗಳೂ ಅಳಿಯನೂ ಕೆಲಸಕ್ಕೆ ಹೋಗುವವರಾದ್ದರಿಂದ ಮಗುವನ್ನು ನೋಡಿಕೊಳ್ಳುವ ಹೊಣೆ ಅಜ್ಜಿಗೆ ಬರುತ್ತದೆ. ಇತ್ತ ಅಜ್ಜ ದಟ್ಟಗಳ್ಳಿಯ ಮನೆಯಲ್ಲಿ ಒಬ್ಬನೇ ಉಳಿದು, ಬೆಳಿಗ್ಗೆ ಮೆಸ್ಸಿನ ಇಡ್ಲಿ, ರಾತ್ರಿ ಬ್ರೆಡ್ಡು ತಿಂದು ಗಿಡಗಳಿಗೆ ನೀರು ಹಾಕುತ್ತಾನೆ. ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದವರು ಮೊಮ್ಮಗುವಿನ ಹೆಸರಿನಲ್ಲಿ ಬೇರೆಯಾಗುತ್ತಾರೆ. ಮೊಮ್ಮಕ್ಕಳ ಆರೈಕೆ ಪುಣ್ಯದ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೋಗುವುದಾದರೆ ಇಬ್ಬರೂ ಹೋಗಬೇಕು, ಮರಳುವ ದಿನವನ್ನು ನಿಶ್ಚಯಿಸಿಕೊಂಡೇ ಹೋಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬಲಿಪೀಠದ ಮುಂದೆ ಸುಖದಲ್ಲೂ ದುಃಖದಲ್ಲೂ ಜೊತೆಯಾಗಿರುತ್ತೇವೆಂದು ಇವರಿಬ್ಬರು ಪ್ರತಿಜ್ಞೆ ಮಾಡಿದ್ದು ಒಬ್ಬರಿಗೊಬ್ಬರು. ಮಕ್ಕಳು ದೊಡ್ಡವರಾದ ಮಾತ್ರಕ್ಕೆ ಆ ಪ್ರತಿಜ್ಞೆಯ ಅವಧಿ ಮುಗಿಯುವುದಿಲ್ಲ.

ಮೂರನೆಯದು ಆಸ್ತಿ. ಧರ್ಮಕೇಂದ್ರದ ಗುರುವಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಮನೆ ಕಳೆದುಕೊಂಡ ಹಿರಿಯರು ಕೊನೆಗೆ ಬಂದು ಕದ ತಟ್ಟುವುದು ಧರ್ಮಕೇಂದ್ರದ ಮನೆಯದೇ ಆದ್ದರಿಂದ ನಾವು ಇದನ್ನು ಹೇಳಲೇಬೇಕು. ಹೇಗೂ ಮುಂದೆ ಅವನದೇ ಅಲ್ಲವೇ ಎಂದು ಒಂಟಿತನದ ಒಂದು ದುರ್ಬಲ ಗಳಿಗೆಯಲ್ಲಿ ಮನೆಯನ್ನು ದಾನಪತ್ರದ ಮೂಲಕ ಮಗನ ಹೆಸರಿಗೆ ಬರೆದುಕೊಡುವವರಿದ್ದಾರೆ. ದಾನಪತ್ರ ನೋಂದಣಿಯಾದೊಡನೆ ಮನೆ ಕೈಬಿಡುತ್ತದೆ. ಉಯಿಲು ಹಾಗಲ್ಲ. ನಮ್ಮ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಇಬ್ಬರು ಸಾಕ್ಷಿಗಳ ಮುಂದೆ ಬರೆದ ಉಯಿಲು ಬರೆದವರ ಕಾಲಾನಂತರ ಮಾತ್ರ ಜಾರಿಗೆ ಬರುತ್ತದೆ. ಜೀವವಿರುವವರೆಗೆ ಅದನ್ನು ಬದಲಿಸಬಹುದು, ರದ್ದುಪಡಿಸಬಹುದು. ಉಯಿಲು ಬರೆಯದೆ ತೀರಿಕೊಂಡರೂ ಮಕ್ಕಳಿರುವ ಕುಟುಂಬದಲ್ಲಿ ಮೂರನೆಯ ಒಂದು ಭಾಗ ಬಾಳಸಂಗಾತಿಗೆ ಸಲ್ಲುತ್ತದೆ, ಉಳಿದುದು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಹಂಚಿಕೆಯಾಗುತ್ತದೆ.

ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕಾಗಿ 2007ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿದೆ. ಅದರ ಪ್ರಕಾರ ಉಪವಿಭಾಗಾಧಿಕಾರಿಯ ಹಂತದ ನ್ಯಾಯಮಂಡಳಿಗೆ ದೂರು ಕೊಟ್ಟು ಜೀವನಾಂಶ ಪಡೆಯಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವನು ನೋಡಿಕೊಳ್ಳದೆ ಹೋದರೆ ಆ ವರ್ಗಾವಣೆಯನ್ನು ರದ್ದುಪಡಿಸಲು 23ನೆಯ ಕಲಂ ಅವಕಾಶ ಕೊಡುತ್ತದೆ. ಆದರೆ ಅಂತಹ ಷರತ್ತು ಇತ್ತೆಂಬುದು ಸ್ಥಾಪಿತವಾಗಬೇಕೆಂದು 2022ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಈ ಕಾಯಿದೆಯನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಆದ್ದರಿಂದ ಬರೆದುಕೊಡಲೇಬೇಕಾದ ಸಂದರ್ಭ ಬಂದರೆ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಯಿಸಿ. ಇದು ಮಗನ ಮೇಲಿನ ಅಪನಂಬಿಕೆಯಲ್ಲ. ಮುಂದೆ ಮಗನೂ ತಂದೆಯೂ ನ್ಯಾಯಾಲಯದ ಮೆಟ್ಟಿಲಲ್ಲಿ ಎದುರಾಗದಂತೆ ಕಾಯುವ ವಿವೇಕ. ತುರ್ತು ಸಂದರ್ಭದಲ್ಲಿ ಹಿರಿಯರಿಗೆಂದೇ ಇರುವ 14567 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು.

ಇಷ್ಟನ್ನು ಹೇಳಿದ ಮೇಲೆ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇವೆ. ಮಕ್ಕಳು ಹೊರಟ ಮೇಲೆ ಮನೆ ಯಾರದು? ಉತ್ತರ ಸರಳವಾಗಿದೆ: ಮೊದಲು ಯಾರದಾಗಿತ್ತೋ ಅವರದೇ. ಮಕ್ಕಳು ಹುಟ್ಟುವ ಮುನ್ನ ಅಲ್ಲಿ ಇಬ್ಬರಿದ್ದರು. ಮಕ್ಕಳ ಶಾಲೆ, ಶುಲ್ಕ, ಜ್ವರ, ಪರೀಕ್ಷೆ, ಮದುವೆಗಳ ನಡುವೆ ಆ ಇಬ್ಬರೂ ಒಬ್ಬರೊಡನೊಬ್ಬರು ನೇರವಾಗಿ ಮಾತನಾಡುವುದನ್ನೇ ಮರೆತರು. ಏನ್ರೀ, ಮಗಳಿಗೆ ಹೇಳಿ ಎಂದು ಹೆಂಡತಿ. ನಿಮ್ಮಮ್ಮನಿಗೆ ಹೇಳು ಎಂದು ಗಂಡ. ಅಂಚೆಯವರಾಗಿದ್ದ ಮಕ್ಕಳು ಹೊರಟಾಗ ಪತ್ರವ್ಯವಹಾರವೇ ನಿಂತಿತು. ಅದೇ ಕಾಲಕ್ಕೆ ಗಂಡನಿಗೆ ಅರವತ್ತು ತುಂಬಿ ನಿವೃತ್ತಿಯಾಗುತ್ತದೆ. ಹಗಲೆಲ್ಲ ಮನೆಯಲ್ಲೇ ಇರುವ ಗಂಡಸು ಡಬ್ಬಿಗಳನ್ನು ಹೀಗೇಕೆ ಇಟ್ಟಿದ್ದೀಯೆ ಎಂದು ಅಡುಗೆಮನೆಯ ತಪಾಸಣೆಗೆ ಇಳಿಯುತ್ತಾನೆ. ಮೂವತ್ತು ವರ್ಷ ಆ ಅಡುಗೆಮನೆಯನ್ನು ಒಬ್ಬಳೇ ನಡೆಸಿದವಳಿಗೆ ಇದು ಸಹಿಸಲಾಗದ ಹಿಂಸೆ.

ಇಂತಹ ದಂಪತಿಗಳಿಗೆ ನಮ್ಮ ಸಲಹೆಗಳು ತೀರ ಸಾಮಾನ್ಯವಾದವು. ಹಗಲಿನಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಆದ ಕೆಲವು ಗಂಟೆ ಇರಲಿ. ಊಟ ಮತ್ತು ಪ್ರಾರ್ಥನೆ ಮಾತ್ರ ಒಟ್ಟಿಗೆ ಆಗಲಿ. ಟಿ.ವಿ.ಯ ಮುಂದೆ ತಟ್ಟೆ ಹಿಡಿದು ಕೂರುವುದನ್ನು ಬಿಟ್ಟು ಮೇಜಿನ ಎದುರುಬದುರಾಗಿ ಕೂರಿ. ಅಡುಗೆಯ ಒಂದು ಭಾಗವನ್ನು ಗಂಡನು ಅಪ್ಪಣೆ ಕೊಡಲಿಕ್ಕಲ್ಲದೆ ಮಾಡಲಿಕ್ಕೆ ಕಲಿಯಲಿ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುವರೆಂಬುದು ನಿಶ್ಚಯವಾದುದರಿಂದ ಅನ್ನ ಬೇಯಿಸಲು ಇಬ್ಬರಿಗೂ ಬರಬೇಕು, ಬ್ಯಾಂಕಿನ ಚೀಟಿ ತುಂಬಲೂ ಇಬ್ಬರಿಗೂ ಬರಬೇಕು. ಸಂಜೆ ಲಿಂಗಾಂಬುಧಿ ಕೆರೆಯ ದಂಡೆಯಲ್ಲಿ ಜೊತೆಯಾಗಿ ನಡೆಯಲು ಹಣ ಬೇಕಿಲ್ಲ. ಕರೆದರೂ ಓಗೊಡುವುದಿಲ್ಲವೆಂದು ಸಿಟ್ಟಾಗುವ ಮೊದಲು ಕಿವಿ ಪರೀಕ್ಷಿಸಿಕೊಳ್ಳಿ. 1965ರಿಂದ ನಮ್ಮ ಊರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪ್ರೀತಿ ಕಡಿಮೆಯಾಗಿದೆಯೆಂದು ತಿಳಿದದ್ದು ಕೆಲವೊಮ್ಮೆ ಬರಿಯ ಕಿವುಡಾಗಿರುತ್ತದೆ. ಓದಿನ ಆಸೆಯನ್ನು ಮಕ್ಕಳಿಗಾಗಿ ಕಟ್ಟಿಟ್ಟಿದ್ದವರಿಗೆ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮುಕ್ತಗಂಗೋತ್ರಿಯಲ್ಲೇ ಇದೆ. ಐವತ್ತೈದರಲ್ಲಿ ಕನ್ನಡ ಎಂ.ಎ. ಓದುವುದು ನಗೆಪಾಟಲಿನ ಸಂಗತಿಯಲ್ಲ.

ನಮ್ಮ ದೇಶದ ಪರಂಪರೆಯೂ ಗೃಹಸ್ಥಾಶ್ರಮದ ನಂತರ ವಾನಪ್ರಸ್ಥವೆಂಬ ಒಂದು ಘಟ್ಟವನ್ನು ಗುರುತಿಸಿತ್ತು. ಅದು ಅಧಿಕಾರದ ಬೀಗದ ಕೈಯನ್ನು ಮುಂದಿನವರಿಗೆ ಕೊಟ್ಟು, ಆತ್ಮದ ಕಡೆಗೆ ದೃಷ್ಟಿ ತಿರುಗಿಸುವ ಕಾಲ. ಕಾಡಿಗೆ ಹೋಗಬೇಕಾದ ಅಗತ್ಯ ಈಗಿಲ್ಲ. ಧರ್ಮಸಭೆಯ ದೃಷ್ಟಿಯಲ್ಲಿ ಈ ಕಾಲ ನಿವೃತ್ತಿಯದಲ್ಲ, ಹೊಸ ಕರೆಯದು. 1999ರ ಅಕ್ಟೋಬರ್ 1ರಂದು, ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಜಗದ್ಗುರು ಎರಡನೆಯ ಜಾನ್ ಪಾಲರು ವೃದ್ಧರಿಗೆ ವೃದ್ಧನಾಗಿ ಒಂದು ಪತ್ರ ಬರೆದರು. ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವೆಂದು ಗೊತ್ತುಪಡಿಸಿದರು. 2022ರಲ್ಲಿ ತಮ್ಮ ಬುಧವಾರದ ಉಪದೇಶಗಳಲ್ಲಿ ತಿಂಗಳುಗಟ್ಟಲೆ ಇಳಿವಯಸ್ಸಿನ ಕುರಿತೇ ಮಾತನಾಡಿದರು. ಇದನ್ನೆಲ್ಲ ಒಂದು ದಿನದ ಶಾಲು ಹೂಹಾರಗಳಿಗೆ ಸೀಮಿತಗೊಳಿಸಿದರೆ ಅದು ನಮ್ಮದೇ ಲೋಪವಾಗುತ್ತದೆ.

ನಮ್ಮ ಬೀದಿಗಳನ್ನು ಒಮ್ಮೆ ಗಮನವಿಟ್ಟು ನೋಡೋಣ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಕುವೈತಿನಲ್ಲಿ ಯಾರದೋ ಮನೆಯ ಬಾಡಿಗೆ ಕೋಣೆಯಲ್ಲಿದ್ದಾರೆ. ಅದೇ ಹೊತ್ತಿಗೆ ಹೆಬ್ಬಾಳದ ಇನ್ಫೋಸಿಸ್ ಆವರಣಕ್ಕೆ ತರಬೇತಿಗೆಂದು ಬಂದ ತರುಣರು, ಕೇರಳದಿಂದ ದಾದಿಯರ ಶಿಕ್ಷಣಕ್ಕೆ ಬಂದ ಹುಡುಗಿಯರು, ಈಶಾನ್ಯ ರಾಜ್ಯಗಳಿಂದ ಓದಲು ಬಂದವರು ಮೈಸೂರಿನ ಪಿ.ಜಿ.ಗಳಲ್ಲಿ ಮನೆಯೂಟಕ್ಕೆ ಹಾತೊರೆಯುತ್ತಿದ್ದಾರೆ. ಅವರೂ ಯಾರದೋ ಬರಿದಾದ ಮನೆಯ ಮಕ್ಕಳೇ. ಬಲಿಪೂಜೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಿಂತು, ಮುಗಿದೊಡನೆ ಯಾರೊಡನೆಯೂ ಮಾತಿಲ್ಲದೆ ಹೊರಡುವ ಆ ಮಕ್ಕಳನ್ನು ಒಂದು ಭಾನುವಾರ ಊಟಕ್ಕೆ ಕರೆಯಲು ನಮಗೇನು ಅಡ್ಡಿ? ನಿಮ್ಮ ಮಗಳಿಗೆ ಪುಣೆಯಲ್ಲಿ ಒಬ್ಬ ಅಮ್ಮ ಹೀಗೆ ಕರೆದು ಬಡಿಸಲಿ ಎಂದು ನೀವು ಪ್ರಾರ್ಥಿಸುವುದಿಲ್ಲವೇ? ಆ ಪ್ರಾರ್ಥನೆಯ ಒಂದು ತುದಿ ನಿಮ್ಮ ಅಡುಗೆಮನೆಯಲ್ಲೇ ಇದೆ.

ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಒಬ್ಬರೇ ಉಳಿದವರ ಪಾಲಿಗೆ ಮೇಲಿನ ಸಲಹೆಗಳಲ್ಲಿ ಅರ್ಧ ನಿಷ್ಪ್ರಯೋಜಕವೆಂಬುದನ್ನು ನಾವು ಬಲ್ಲೆವು. ಅವರಿಗೆ ಸಲಹೆಗಿಂತ ಜನ ಬೇಕು. ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯವೂ ತನ್ನ ಬೀದಿಯಲ್ಲಿ ಒಬ್ಬರೇ ಇರುವ ಹಿರಿಯರ ಪಟ್ಟಿಯೊಂದನ್ನು ಮಾಡಿಕೊಳ್ಳಬೇಕು. ಬೆಳಿಗ್ಗೆ ಹಾಲಿನ ಪೊಟ್ಟಣ ಬಾಗಿಲಲ್ಲೇ ಇದ್ದರೆ ಗಮನಿಸುವವರು ಯಾರು, ಮನೆಯ ಇನ್ನೊಂದು ಬೀಗದ ಕೈ ಯಾರ ಬಳಿ ಇದೆ, ಮಕ್ಕಳ ದೂರವಾಣಿ ಸಂಖ್ಯೆ ಯಾರಲ್ಲಿದೆ ಎಂಬುದು ಗೊತ್ತಿರಬೇಕು. ಮಕ್ಕಳನ್ನು ಕಳುಹಿಸಿ ಕೈ ಬರಿದಾಗಿರುವ ಐವತ್ತರ ಆಸುಪಾಸಿನ ದಂಪತಿಗಳಿಗಿಂತ ಈ ಕೆಲಸಕ್ಕೆ ಯೋಗ್ಯರು ಬೇರಿಲ್ಲ.

ದೂರದ ಊರುಗಳಲ್ಲಿರುವ ಮಕ್ಕಳಿಗೂ ಒಂದು ಮಾತು. ಈ ಪುಟದ ಚಿತ್ರವನ್ನು ತೆಗೆದು ಅಪ್ಪ ನಿಮಗೆ ಕಳುಹಿಸಿದರೆ ಓದದೆ ಬಿಡಬೇಡಿ. ಹೆತ್ತವರಿಗೆ ಸಲ್ಲಬೇಕಾದ ಋಣವನ್ನು ಸರಿಸಮವಾಗಿ ಯಾರೂ ತೀರಿಸಲಾರರು ಎಂದು ಅರಿಸ್ಟಾಟಲನೇ ಹೇಳಿದ್ದಾನೆ. ತಿಂಗಳಿಗೊಮ್ಮೆ ಖಾತೆಗೆ ಹಣ ಹಾಕಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಹಾಗೆಂದು ಊರು ಬಿಟ್ಟು ಬಂದೆನೆಂಬ ಅಪರಾಧಭಾವದಲ್ಲಿ ಬೇಯಬೇಕಾಗಿಯೂ ಇಲ್ಲ. ಬರುವ ದಿನವನ್ನು ಮೊದಲೇ ತಿಳಿಸಿ, ತಿಳಿಸಿದ ಮೇಲೆ ತಪ್ಪಿಸಬೇಡಿ. ಬಂದಾಗ ಫೋನನ್ನು ಪಕ್ಕಕ್ಕಿಡಿ. ಅಪ್ಪನ ಮಾತ್ರೆಗಳ ಹೆಸರು ತಿಳಿದಿರಲಿ. ಬೆಂಗಳೂರಿಗೇ ಬಂದುಬಿಡಿ ಎಂದು ಒತ್ತಾಯಿಸುವ ಮೊದಲು, ಅಲ್ಲಿನ ಹದಿನಾಲ್ಕನೆಯ ಮಹಡಿಯಲ್ಲಿ ಅಮ್ಮ ಯಾರೊಡನೆ ಮಾತನಾಡುವಳು, ಯಾವ ದೇವಾಲಯಕ್ಕೆ ನಡೆದು ಹೋಗುವಳು ಎಂಬುದನ್ನು ಯೋಚಿಸಿ. ಬೇರು ಬಿಟ್ಟ ಮರವನ್ನು ಕಿತ್ತು ನೆಡುವುದು ಸುಲಭವಲ್ಲ.

ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮೋತ್ಸವ ಬರುತ್ತದೆ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಅದು ಮೊಂತಿ ಹಬ್ಬ, ಹೊಸ ತೆನೆಯ ಹಬ್ಬ. ಗುರುಗಳು ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ದೂರದೇಶದಲ್ಲಿರುವ ಮಕ್ಕಳಿಗೆ ಅದೇ ತೆನೆಯ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಪದ್ಧತಿ ಹಿಂದಿನಿಂದಲೂ ಇದೆ. ಅದು ಯಾರನ್ನೂ ಮನೆಗೆ ಮರಳಿ ಎಳೆಯುವುದಿಲ್ಲ. ನೀನು ಎಲ್ಲಿದ್ದರೂ ಈ ಊಟದಲ್ಲಿ ನಿನ್ನ ಪಾಲು ಇದೆ ಎಂದಷ್ಟೇ ತಿಳಿಸುತ್ತದೆ. ಈ ವರ್ಷ ಲಕೋಟೆಗೆ ಹಾಕಿ ಉಳಿದ ಕಾಳಿನ ಪಾಯಸಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡಿ, ಪಕ್ಕದ ಪಿ.ಜಿ.ಯ ಹುಡುಗನನ್ನೋ ಎದುರುಮನೆಯ ಒಂಟಿ ಅಜ್ಜಿಯನ್ನೋ ಕರೆಯಿರಿ ಎಂದು ಧರ್ಮಕೇಂದ್ರದ ಎಲ್ಲ ಕುಟುಂಬಗಳನ್ನು ನಾವು ಪ್ರೀತಿಯಿಂದ ಕೇಳಿಕೊಳ್ಳುತ್ತೇವೆ.